ಶನಿವಾರದ ಬೊಂಬೆ, ಭಾನುವಾರದ ಮೋಗ್ಲಿ



ಈ ಹೊತ್ತು ನಾನು ಹೇಳಹೊರಟಿರುವುದು ರಾಜರ ಚರಿತ್ರೆಯಲ್ಲ, ಯುದ್ಧದ ಚರಿತ್ರೆಯೂ ಅಲ್ಲ. ಟೀವಿಯಲ್ಲಿ ಕುಣಿಯುವ ಬೊಂಬೆ ಚಿತ್ರಗಳ ಚರಿತ್ರೆ. 'ಅಯ್ಯೋ, ಅದಕ್ಕೂ ಒಂದು ಚರಿತ್ರೆಯೇ?' ಎಂದು ನಗಬೇಡಿ. ಹಾಸನೂರಿನಲ್ಲಿ, ತಾಳವಾಡಿಯಲ್ಲಿ, ಗಾಜನೂರಿನಲ್ಲಿ ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ನಗುತ್ತಾರೆ ಎಂಬ ಪ್ರಶ್ನೆಗೂ ಈ ಚರಿತ್ರೆಗೂ ನಂಟಿದೆ. ಆ ನಂಟನ್ನು ಹುಡುಕಲು ಮೊದಲು ಅಮೆರಿಕಕ್ಕೆ ಹೋಗಿ ಬರೋಣ.

ಅಮೆರಿಕದಲ್ಲಿ ಶನಿವಾರ ಶಾಲೆಗೆ ರಜೆ. ವಾರವಿಡೀ ದುಡಿದ ಅಪ್ಪ ಅಮ್ಮ ಆ ದಿನ ತಡವಾಗಿ ಏಳುತ್ತಾರೆ. ಮಕ್ಕಳು ಮಾತ್ರ ಬೇಗ ಎದ್ದು ಟೀವಿಯ ಮುಂದೆ ಕೂರುತ್ತಾರೆ. ಈ ಗುಟ್ಟು ಸಿ.ಬಿ.ಎಸ್., ಎನ್.ಬಿ.ಸಿ., ಎ.ಬಿ.ಸಿ. ಎಂಬ ಮೂರು ದೊಡ್ಡ ಟೀವಿ ಜಾಲಗಳಿಗೆ ಚೆನ್ನಾಗಿ ತಿಳಿಯಿತು. ದೊಡ್ಡವರು ನೋಡದ ಹೊತ್ತಾದ್ದರಿಂದ ಅದು ಅಗ್ಗದ ಹೊತ್ತು. ಮಕ್ಕಳ ತಿಂಡಿ, ಆಟಿಕೆ ಮಾರುವವರಿಗೆ ಅದೇ ಸುಗ್ಗಿಯ ಹೊತ್ತು. 1960ರ ದಶಕದ ನಡುವಿನ ಹೊತ್ತಿಗೆ ಮೂರು ಜಾಲಗಳೂ ಶನಿವಾರ ಬೆಳಗಿನ ಗಂಟೆಗಳನ್ನು ಕಾರ್ಟೂನುಗಳಿಗೆ ಬಿಟ್ಟುಕೊಟ್ಟವು. ಹ್ಯಾನಾ ಮತ್ತು ಬಾರ್ಬೆರಾ ಎಂಬ ಜೋಡಿಯ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಚಿತ್ರ ತಯಾರಿಸುವ ಹಾದಿ ಹಿಡಿದಿತ್ತು. ಮುಖ ಹಾಗೇ ಇರುತ್ತದೆ, ಬಾಯಿ ಮಾತ್ರ ಆಡುತ್ತದೆ. ಓಡುವವನ ಹಿಂದೆ ಅದೇ ಮರ, ಅದೇ ಮನೆ ಮತ್ತೆ ಮತ್ತೆ ಬರುತ್ತದೆ. ಮಕ್ಕಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಬೇಸರವಾದದ್ದು ತಾಯಂದಿರಿಗೆ. 1968ರಲ್ಲಿ ಪೆಗ್ಗಿ ಚಾರೆನ್ ಎಂಬಾಕೆ ಇತರ ತಾಯಂದಿರ ಜೊತೆಗೂಡಿ ಮಕ್ಕಳ ಟೀವಿಗಾಗಿ ಒಂದು ಸಂಘಟನೆ ಕಟ್ಟಿದರು. 'ನಮ್ಮ ಮಕ್ಕಳು ಗಿರಾಕಿಗಳಲ್ಲ' ಎಂಬುದು ಅವರ ವಾದದ ತಿರುಳು. ಹೋರಾಟ ಎರಡು ದಶಕಕ್ಕೂ ಹೆಚ್ಚು ಕಾಲ ನಡೆಯಿತು. 1990ರಲ್ಲಿ ಮಕ್ಕಳ ಟೀವಿ ಕಾಯಿದೆ ಬಂತು. 1996ರ ನಿಯಮದ ಪ್ರಕಾರ ಪ್ರತಿ ಕೇಂದ್ರವೂ ವಾರಕ್ಕೆ ಮೂರು ಗಂಟೆಯಷ್ಟು ಕಲಿಕೆಯ ಕಾರ್ಯಕ್ರಮ ಕೊಡಬೇಕಾಯಿತು. ಅಷ್ಟರಲ್ಲಿ ಇಡೀ ದಿನ ಕಾರ್ಟೂನು ತೋರಿಸುವ ಕೇಬಲ್ ಚಾನಲುಗಳು ಬಂದಿದ್ದವು. ಶನಿವಾರಕ್ಕಾಗಿ ಕಾಯುವ ಅಗತ್ಯ ಉಳಿಯಲಿಲ್ಲ. ಎನ್.ಬಿ.ಸಿ. 1992ರಲ್ಲೇ ಕೈಬಿಟ್ಟಿತು. 2014ರ ಸೆಪ್ಟೆಂಬರಿನಲ್ಲಿ ಸಿ.ಡಬ್ಲ್ಯೂ. ಎಂಬ ಜಾಲವೂ ನಿಲ್ಲಿಸಿದಾಗ, ದೊಡ್ಡ ಜಾಲಗಳ ಆ ಹಳೆಯ ಪದ್ಧತಿಗೆ ತೆರೆ ಬಿತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಹಳ್ಳಿಯ ಮಕ್ಕಳಿಗೆಂದು ದೊಡ್ಡ ಪ್ರಮಾಣದಲ್ಲಿ ಬೆಳಗಿನ ಟೀವಿ ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳುಹಿಸಿದರು. ಕರ್ನಾಟಕದಲ್ಲಿ ಅದು ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳಿಗೆ ದಕ್ಕಿತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳ ಪಾಲಿಗೆ. ಹಿಂದಿ, ಒರಿಯಾ, ತೆಲುಗಿನ ಜೊತೆ ಕನ್ನಡದಲ್ಲೂ! ಪರದೇಶದ ಉಪಗ್ರಹ, ನಮ್ಮ ಭಾಷೆ, ಹಳ್ಳಿಯ ಶಾಲೆಯ ಅಂಗಳ. ಮರುವರ್ಷ ಜುಲೈ 31ಕ್ಕೆ ಎರವಲಿನ ಅವಧಿ ಮುಗಿಯಿತು. ಉಪಗ್ರಹ ಹಿಂದಕ್ಕೆ ಹೋಯಿತು.

ಆಮೇಲೆ ಬಂದದ್ದು ಭಾನುವಾರ. ನಮ್ಮಲ್ಲಿ ಶನಿವಾರಕ್ಕಿಂತ ಭಾನುವಾರವೇ ರಜೆಯ ದಿನವಲ್ಲವೆ? 1987ರ ಜನವರಿಯಲ್ಲಿ ದೂರದರ್ಶನದ ರಾಮಾಯಣ ಶುರುವಾದ ಮೇಲೆ ಭಾನುವಾರದ ಬೆಳಗಿಗೆ ಒಂದು ಹಬ್ಬದ ಕಳೆ ಬಂತು. ಟೀವಿ ಇದ್ದ ಮನೆಯ ಜಗಲಿ, ಕಿಟಕಿ ಎಲ್ಲಾ ತುಂಬುತ್ತಿದ್ದವು. 1993ರಲ್ಲಿ ಅದೇ ಭಾನುವಾರದ ಬೆಳಿಗ್ಗೆ ಮೋಗ್ಲಿ ಬಂದ. ಅವನ ಹುಟ್ಟು ಕೇಳಿದರೆ ಬೆರಗಾಗುತ್ತದೆ. ಕಥೆ ಬರೆದವನು ಮುಂಬಯಿಯಲ್ಲಿ ಹುಟ್ಟಿದ ಆಂಗ್ಲ ಲೇಖಕ ಕಿಪ್ಲಿಂಗ್. ಚಿತ್ರ ಬಿಡಿಸಿದವರು ಜಪಾನಿನವರು. ಹಿಂದಿ ಹಾಡು ಬರೆದವರು ಗುಲ್ಜಾರ್, ಸ್ವರ ಹಾಕಿದವರು ವಿಶಾಲ್ ಭಾರದ್ವಾಜ್. ನಿಜವಾದ ಆನೆ, ಚಿರತೆ, ಹುಲಿ ಓಡಾಡುವ ಸತ್ಯಮಂಗಲದ ಕಾಡಿನ ಮಕ್ಕಳಿಗೂ ಟೀವಿಯ ಕಾಡು ಮಾತಾಡಿದ್ದು ಹಿಂದಿಯಲ್ಲಿ.

ಇದಕ್ಕೂ ಮೊದಲು ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದರು. ನೆಲ ಕನ್ನಡದ್ದು, ಸ್ವಾಮಿಯ ಪಾತ್ರ ಮಾಡಿದ ಹುಡುಗ ಮಂಜುನಾಥ್ ಕನ್ನಡದವನು. ಆದರೆ ದೂರದರ್ಶನದಲ್ಲಿ ಸ್ವಾಮಿ ಆಡಿದ್ದು ಹಿಂದಿ.

ಕನ್ನಡದಲ್ಲಿ ಯಾಕೆ ಬರಲಿಲ್ಲ? ಇಲ್ಲಿ ನಮ್ಮ ಬೆಟ್ಟಕ್ಕೇ ಸೇರಿದ ಒಂದು ಸಂಗತಿ ಇದೆ. 1960ರ ದಶಕದಲ್ಲಿ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ಬಿಡುಗಡೆ ಮಾಡುತ್ತಿದ್ದರು. ಹೀಗಾದರೆ ಕನ್ನಡ ಚಿತ್ರರಂಗ ತಲೆ ಎತ್ತುವುದಿಲ್ಲ, ಕಲಾವಿದರಿಗೆ ಅನ್ನ ಸಿಗುವುದಿಲ್ಲ ಎಂದು ಅ.ನ.ಕೃ. ಮೊದಲಾದವರು ವಿರೋಧಿಸಿದರು. ಗಾಜನೂರಿನ ಮಗ ಡಾ. ರಾಜ್‌ಕುಮಾರ್ ಆ ವಿರೋಧದ ಬೆನ್ನಿಗೆ ನಿಂತರು. ಆ ಕಾಲಕ್ಕೆ ಅದು ನ್ಯಾಯವೇ ಆಗಿತ್ತು. ಕನ್ನಡ ಚಿತ್ರರಂಗ ಬೆಳೆಯಿತು. ಆದರೆ ಬೇಲಿ ಹಾಕಿದಾಗ ಹಸುವಿನ ಜೊತೆ ಕರುವೂ ಹೊರಗೆ ಉಳಿಯುವುದುಂಟು. ಮಕ್ಕಳ ಬೊಂಬೆ ಚಿತ್ರಗಳೂ ಬಹುಕಾಲ ಕನ್ನಡಕ್ಕೆ ಬಾರದೆ ಹೋದವು.

ಗಡಿಯ ಈಚೆಗೆ ಕಥೆ ಬೇರೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ನಮಗೆ ಬರುವುದು ಚೆನ್ನೈಯಿಂದಲೇ ಬರುತ್ತದೆ. 2006ರಲ್ಲಿ ತಮಿಳುನಾಡು ಸರ್ಕಾರ ಮನೆಗಳಿಗೆ ಉಚಿತ ಬಣ್ಣದ ಟೀವಿ ಹಂಚಲು ಶುರುಮಾಡಿತು. ಅದೇ ವರ್ಷ ಒಂದನೇ ತರಗತಿಯಿಂದ ತಮಿಳು ಕಲಿಕೆ ಕಡ್ಡಾಯವೆಂಬ ಕಾಯಿದೆಯೂ ಬಂತು. ಮರುವರ್ಷ, 2007ರಲ್ಲಿ, ಚುಟ್ಟಿ ಟೀವಿ ಬಂತು. ಕನ್ನಡದ ಚಿಂಟು ಟೀವಿ ಬಂದದ್ದು 2009ರಲ್ಲಿ. ನಡುವಿನ ಆ ಎರಡು ವರ್ಷ ದೊಡ್ಡವರಿಗೆ ಎರಡೇ ವರ್ಷ. ಮೂರು ವರ್ಷದ ಕೂಸಿಗೆ ಅದು ಮಾತು ಕಲಿಯುವ ಕಾಲ. ಡಬ್ಬಿಂಗ್ ತಡೆಯುವುದು ತಪ್ಪು ಎಂದು ಸ್ಪರ್ಧಾ ಆಯೋಗ ಆದೇಶ ಕೊಡುವ ಹೊತ್ತಿಗೆ 2015 ಆಗಿತ್ತು. ಆ ಕೂಸು ಆಗಲೇ ಹೈಸ್ಕೂಲಿನ ಹೊಸ್ತಿಲಿನಲ್ಲಿತ್ತು.

ಚುಟ್ಟಿ ಟೀವಿಯಲ್ಲಿ ಬಂದ ಡೋರಾ ಎಂಬ ಪುಟ್ಟ ಹುಡುಗಿಯನ್ನು ನಿಮ್ಮ ಮನೆಯ ಐಕ್ಲು ಬಲ್ಲರು. ಬೆನ್ನಿಗೆ ಚೀಲ, ಜೊತೆಗೆ ಒಂದು ಕೋತಿ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಹುಡುಗಿ ಸಿ.ಬಿ.ಎಸ್. ಜಾಲದ ಶನಿವಾರದ ಬೆಳಗಿನಲ್ಲೂ ಬರುತ್ತಿದ್ದಳು. ಸ್ವಾರಸ್ಯ ಏನು ಗೊತ್ತೆ? ಮೂಲದ ಡೋರಾ ಎರಡು ಭಾಷೆಯ ಹುಡುಗಿ. ಮನೆಯಲ್ಲಿ ಸ್ಪ್ಯಾನಿಷ್, ಹೊರಗೆ ಇಂಗ್ಲಿಷ್. ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾ ನಡುನಡುವೆ ತನ್ನ ಮನೆಮಾತಿನ ಒಂದೊಂದು ಪದವನ್ನು ನೋಡುವ ಮಕ್ಕಳಿಗೆ ಕಲಿಸುತ್ತಾಳೆ. ನಾಚುವುದಿಲ್ಲ, ಜಗಳವಾಡುವುದೂ ಇಲ್ಲ. ತಮಿಳಿಗೆ ಬಂದಾಗ ಅವಳು ತಮಿಳು ಆಡಿ ಇಂಗ್ಲಿಷ್ ಕಲಿಸಿದಳು. ಅವಳ ಮನೆಮಾತು ದಾರಿಯಲ್ಲೇ ಉಳಿದುಹೋಯಿತು.

ಬಂಧುಗಳೆ, ನಮ್ಮ ಮಕ್ಕಳೂ ಡೋರಾಳಂತೆಯೇ ಅಲ್ಲವೆ? ಬಸ್ಸಿನಲ್ಲಿ ತಮಿಳು, ಸಂತೆಯಲ್ಲಿ ಎರಡೂ, ಅಜ್ಜಿಯ ಹತ್ತಿರ ಕನ್ನಡ. ತಮಿಳು ಕಲಿತದ್ದು ನಷ್ಟವಲ್ಲ, ಅದು ಲಾಭ. ಆದರೆ ದಾರಿಯಲ್ಲಿ ಮನೆಮಾತು ಬಿದ್ದುಹೋಗಬಾರದು. ಈಗ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ; ಕೈಯಲ್ಲಿರುವ ಫೋನಿನಲ್ಲಿ ಎಲ್ಲಾ ಹೊತ್ತೂ ಬೊಂಬೆ ಕುಣಿಯುತ್ತದೆ. ಯಾವ ಭಾಷೆಯ ಬೊಂಬೆ ಎಂದು ಆರಿಸುವ ಕೆಲಸ ಟೀವಿ ಕಂಪನಿಯಿಂದ ನಮ್ಮ ಬೆರಳ ತುದಿಗೆ ಬಂದಿದೆ. ಅಮೆರಿಕದ ಆ ತಾಯಂದಿರು ಮಾಡಿದ್ದು ಇಷ್ಟೇ: ಮಕ್ಕಳು ನೋಡುತ್ತಿದ್ದುದನ್ನು ಪಕ್ಕದಲ್ಲಿ ಕೂತು ತಾವೂ ನೋಡಿದರು, ಆಮೇಲೆ ಬಾಯಿ ತೆರೆದು ಮಾತಾಡಿದರು.

ನಾಳೆ ಬೆಳಿಗ್ಗೆ ಮಗುವಿನ ಪಕ್ಕ ಒಂದು ಗಳಿಗೆ ಕೂರಿ. ಬೊಂಬೆ ಯಾವ ಭಾಷೆಯಲ್ಲಾದರೂ ಆಡಲಿ, 'ಏನಾಯ್ತು ಮಗ, ಕಥೆ ಹೇಳು' ಎಂದು ಕನ್ನಡದಲ್ಲಿ ಕೇಳಿ. ಮಗು ಹೇಳುವ ಆ ಕಥೆ ಕನ್ನಡದ ಕಥೆಯೇ ಆಗುತ್ತದೆ.