ಬೇರಿನ ಬುಡದ ಎರಡು ಬಿಳಿ ಗೆರೆ

ಬುದ್ಧಿ ಹಲ್ಲು ಕೀಳಿಸಲು ಬಂದವರಿಗೆ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ತೆಗೆಸಿ ಎಂದರೆ, "ಹಲ್ಲು ಇಲ್ಲೇ ಕಾಣ್ತದಲ್ಲ ಡಾಕ್ಟ್ರೇ, ಎಕ್ಸ್‌ರೇ ಯಾಕೆ?" ಅನ್ನುವವರೇ ಹೆಚ್ಚು. ಹಲ್ಲೇನೋ ಕಾಣುತ್ತದೆ, ಅದರ ಕೆಳಗಿನ ನರ ಕಾಣುವುದಿಲ್ಲ. ಕೆಳದವಡೆಯ ಮೂಳೆಯೊಳಗೆ ಸಣ್ಣ ಕಾಲುವೆಯಲ್ಲಿ ಹಾಯುವ ಆ ನರ ಜಜ್ಜಿದರೆ ತುಟಿ, ಗದ್ದ ಜೋಮು ಹಿಡಿಯುತ್ತವೆ. ಕುಡಿದ ಕಾಫಿ ಗದ್ದಕ್ಕಿಳಿದರೂ ಗೊತ್ತಾಗುವುದಿಲ್ಲ. ಬಹಳಷ್ಟು ಮಂದಿಗೆ ಕೆಲವು ತಿಂಗಳಲ್ಲಿ ಬಿಡುತ್ತದೆ, ಕೆಲವರಿಗೆ ಬಿಡುವುದೇ ಇಲ್ಲ.

ಹಿಂದಿನವರು ಕೈ ಅಂದಾಜಿನಲ್ಲೇ ಕೀಳುತ್ತಿದ್ದರು. ರಾಂಟ್ಗೆನ್ 1895ರ ನವೆಂಬರಿನಲ್ಲಿ ಎಕ್ಸ್‌ರೇ ಎಂಬ ಹೊಸ ಕಿರಣ ಕಂಡ. ಮರು ಜನವರಿಯಲ್ಲೇ ಜರ್ಮನಿಯ ಬ್ರೌನ್‌ಷ್ವೈಗ್‌ನ ದಂತವೈದ್ಯ ಒಟ್ಟೋ ವಾಲ್ಖಾಫ್, ಗಾಜಿನ ಫೋಟೋ ಫಲಕಕ್ಕೆ ಕಪ್ಪು ಕಾಗದ, ರಬ್ಬರು ಸುತ್ತಿ ತನ್ನದೇ ಬಾಯಲ್ಲಿಟ್ಟುಕೊಂಡು 25 ನಿಮಿಷ ಅಲುಗದೆ ಇದ್ದ. ಇಂದು ಅಷ್ಟಕ್ಕೆ ಒಂದು ಸೆಕೆಂಡೂ ಬೇಡ.

ನನ್ನನ್ನು ಹೆಚ್ಚು ಕಾಡುವವನು ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್. ಟ್ಯೂಬು ಸರಿಯಿದೆಯೇ ಎಂದು ನೋಡಲು ಪ್ರತಿಸಲ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದ. ಮೊದಲು ಬೆರಳು ಹೋದವು, ಆಮೇಲೆ ಕೈ, ಆಮೇಲೆ ತೋಳು. 1928ರಲ್ಲಿ ಗುಂಡು ಹಾರಿಸಿಕೊಂಡ. ಕಿರಣ ಅಪಾಯ, ಟ್ಯೂಬಿಗೆ ಸೀಸದ ಪೆಟ್ಟಿಗೆ ಮಾಡಿ ಎಂದು ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ ಗಿನಿ ಹಂದಿಗಳ ಮೇಲೆ ಪ್ರಯೋಗ ಮಾಡಿ ಬರೆದಿದ್ದ. ಆಗ ಕಿವಿಗೊಟ್ಟವರು ಕಡಿಮೆ. ನಮ್ಮ ವೃತ್ತಿಗೆ ಈ ಚಾಳಿ ಹಳೆಯದು.

ಬಾಯೊಳಗೆ ಇಡುವ ಪುಟ್ಟ ಫಿಲ್ಮು ಬುದ್ಧಿ ಹಲ್ಲಿನ ತನಕ ತುರುಕಿದರೆ ವಾಕರಿಕೆ. ನರದ ಕಾಲುವೆ ಎಷ್ಟೋ ಸಲ ಚಿತ್ರದ ಹೊರಗೇ ಉಳಿಯುತ್ತಿತ್ತು. ತಲೆಯ ಸುತ್ತ ತಿರುಗಿ ಇಡೀ ದವಡೆಯನ್ನು ಒಂದೇ ಹಾಳೆಗಿಳಿಸುವ ಒಪಿಜಿ ಬಂದದ್ದು ಫಿನ್ಲೆಂಡಿನ ಯೂರ್ಯೋ ಪಾಟೆರೊನಿಂದ, ಕಳೆದ ಶತಮಾನದ ನಡುವಿನಲ್ಲಿ. ಆ ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಲುವೆ ಎರಡು ಬಿಳಿ ಗೆರೆಗಳಾಗಿ ಕಾಣುತ್ತದೆ. ಬೇರಿನ ಹತ್ತಿರ ಗೆರೆ ಕಡಿದರೆ, ಬೇರು ಅಲ್ಲಿ ಕಪ್ಪಾದರೆ, ಕಾಲುವೆ ಪಕ್ಕಕ್ಕೆ ಸರಿದರೆ ಹುಷಾರು. ಇಂಥ ಗುರುತುಗಳನ್ನು 1990ರಲ್ಲಿ ರೂಡ್ ಮತ್ತು ಶೆಹಾಬ್ ಪಟ್ಟಿಮಾಡಿ ಪರೀಕ್ಷಿಸಿದರು. ನಾವೆಲ್ಲ ಇಂದಿಗೂ ಅವನ್ನೇ ನೋಡುತ್ತೇವೆ.

ಒಪಿಜಿ ಚಪ್ಪಟೆ ನೆರಳು. ನರ ಕೆನ್ನೆಯ ಕಡೆಗಿದೆಯೋ ನಾಲಿಗೆಯ ಕಡೆಗೋ ಹೇಳುವುದಿಲ್ಲ. 1990ರ ದಶಕದ ಕೊನೆಗೆ ಬಂದ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಹೇಳುತ್ತದೆ. ಆದರೆ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಸಿಬಿಸಿಟಿಯಿಂದ ನರದ ಗಾಯ ಕಡಿಮೆಯಾದದ್ದು ಕಂಡಿಲ್ಲ. ಚಿತ್ರ ನೋಡಿ ಮನಸ್ಸು ಬದಲಾಗುವುದಿದ್ದರೆ, ಅಂದರೆ ಬೇರು ಬಿಟ್ಟು ಮೇಲಿನ ಭಾಗ ಮಾತ್ರ ತೆಗೆಯುವುದೋ, ಹಲ್ಲನ್ನು ಮುಟ್ಟದೇ ಬಿಡುವುದೋ ಎಂಬ ಪ್ರಶ್ನೆಯಿದ್ದರೆ, ಅದಕ್ಕೆ ಕೊಡುವ ಹಣ ಸಾರ್ಥಕ. ಯಾರಾದರೂ ನಿಮಗೆ ಸಿಬಿಸಿಟಿ ಬರೆದುಕೊಟ್ಟರೆ, ಒಪಿಜಿಯಲ್ಲಿ ಏನು ಕಂಡಿತು ಎಂದು ಕೇಳಿ, ಆ ಗೆರೆ ತೋರಿಸಲು ಹೇಳಿ.