ಊರಿಲ್ಲದ ಬಿಷಪರು: ಬಿಜಾಪುರದಿಂದ ಮಂಗಳೂರಿನವರೆಗೆ (ಭಾಗ 7)

ಕಳೆದ ಭಾಗದಲ್ಲಿ ಕೆನಡಾಕ್ಕೆ ಬಂದ ಮೊದಲ ಬಿಷಪ್ ಫ್ರಾನ್ಸ್ವಾ ದ ಲಾವಾಲ್ ಬಗ್ಗೆ ಬರೆದಿದ್ದೆ. 1659ರಲ್ಲಿ ಅವರು ಕ್ವಿಬೆಕ್‌ನಲ್ಲಿ ಬಂದಿಳಿದಾಗ ಅವರ ಬಿರುದು "ಕ್ವಿಬೆಕ್‌ನ ಬಿಷಪ್" ಅಲ್ಲ, "ಪೆತ್ರೆಯಾದ ಬಿಷಪ್". ಪೆತ್ರೆಯಾ ಇದ್ದದ್ದು ಅರೇಬಿಯಾದ ಕಡೆ. ಓದಿದ ಮೇಲೆ ಸುಮಾರು ಜನ ಕೇಳಿದಿರಿ, ಇದೆಂತ ಮಾರಾಯ್ರೆ, ಹಿಮದ ಊರಿನ ಬಿಷಪರಿಗೆ ಮರುಭೂಮಿಯ ಊರಿನ ಹೆಸರು ಯಾಕೆ ಅಂತ. ಉತ್ತರ ಹೇಳಲಿಕ್ಕೆ ಕೆನಡಾಕ್ಕಿಂತ ನಮ್ಮ ಕರ್ನಾಟಕದ ಕಥೆಯೇ ಒಳ್ಳೆಯದು. ಯಾಕೆಂದರೆ ಲಾವಾಲ್ ಬಿಷಪ್ ಆಗುವುದಕ್ಕೆ 21 ವರ್ಷ ಮೊದಲೇ, 1637ರಲ್ಲಿ, ಬಿಜಾಪುರಕ್ಕೆ ಇದೇ ತರಹದ ಒಬ್ಬ ಬಿಷಪ್ ನೇಮಕವಾಗಿದ್ದರು. ಅವರು ಯುರೋಪಿನವರಲ್ಲ, ಗೋವಾದ ದಿವಾರ್ ದ್ವೀಪದವರು.

ಮೊದಲು ಹೆಸರಿನ ವಿಷಯ. 1204ರಲ್ಲಿ ನಾಲ್ಕನೇ ಕ್ರುಸೇಡಿನ ಸೈನ್ಯ ಜೆರುಸಲೇಮಿಗೆ ಹೋಗುವುದನ್ನು ಬಿಟ್ಟು, ಕ್ರೈಸ್ತರದ್ದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿತು. ಗ್ರೀಕರ ನಾಡನ್ನು ಹಂಚಿಕೊಂಡ ಪಶ್ಚಿಮದ ದೊರೆಗಳು ಅಥೆನ್ಸ್, ಥೀಬ್ಸ್, ಕೊರಿಂಥ್, ಪತ್ರಾಸ್ ಎಲ್ಲ ಕಡೆ ರೋಮಿಗೆ ಸೇರಿದ ಬಿಷಪರನ್ನು ಕೂರಿಸಿದರು. ಅಥೆನ್ಸಿನ ಪ್ರಸಿದ್ಧ ಪಾರ್ಥೆನಾನ್ ಆಗಲೇ ಮಾತೆ ಮರಿಯಮ್ಮನ ಇಗರ್ಜಿಯಾಗಿತ್ತು. ಅಲ್ಲಿದ್ದ ಗ್ರೀಕ್ ಬಿಷಪ್ ಮಿಖಾಯಿಲ್ ಖೋನಿಯಾತಿಸ್ ಊರು ಬಿಟ್ಟು ಕೇಯಾ ದ್ವೀಪ ಸೇರಿದರು, ಅವರ ಜಾಗಕ್ಕೆ ಲ್ಯಾಟಿನ್ ಬಿಷಪ್ ಬಂದರು. ಊರಿನ ಜನ ಮಾತ್ರ ಗ್ರೀಕ್ ಪದ್ಧತಿಯವರಾಗಿಯೇ ಉಳಿದರು. ಸುಮಾರು 250 ವರ್ಷದ ನಂತರ ತುರ್ಕರು ಬಂದರು, ಲ್ಯಾಟಿನ್ ಧರ್ಮಪ್ರಾಂತ್ಯ ಮುಗಿಯಿತು, ಪಾರ್ಥೆನಾನ್ ಮಸೀದಿಯಾಯಿತು.

ಆದರೆ ರೋಮಿನವರು ಇಂಥ ಊರುಗಳ ಹೆಸರನ್ನು ಅಳಿಸಲಿಲ್ಲ. ಪೂರ್ವದ ನಾಡುಗಳು ಒಂದೊಂದೇ ಕೈಬಿಟ್ಟಾಗ ಓಡಿ ಬಂದ ಬಿಷಪರು ತಮ್ಮ ಬಿರುದು ಇಟ್ಟುಕೊಂಡರು, ಒಂದು ದಿನ ವಾಪಸ್ ಹೋಗುತ್ತೇವೆ ಎಂಬ ಆಸೆಯಿಂದ. ಅವರು ತೀರಿಕೊಂಡ ಮೇಲೆ ಅದೇ ಬಿರುದನ್ನು ಬೇರೆಯವರಿಗೆ ಕೊಟ್ಟರು. ಕ್ರಮೇಣ ಆಸೆ ಹೋಯಿತು, ಪದ್ಧತಿ ಉಳಿಯಿತು. ಬಿಷಪ್ ಅಂದಮೇಲೆ ಯಾವುದಾದರೂ ಊರಿನ ಬಿಷಪ್ ಆಗಿರಬೇಕು ಎಂಬುದು ಹಳೆಯ ನಿಯಮ. ಹಾಗಾಗಿ ಸ್ವಂತ ಧರ್ಮಪ್ರಾಂತ್ಯ ಇಲ್ಲದವರಿಗೆ ಈ ಸತ್ತ ಊರುಗಳ ಹೆಸರು. 1882ರವರೆಗೆ ಆ ಹೆಸರಿನ ಮುಂದೆ "ಅವಿಶ್ವಾಸಿಗಳ ನಾಡಿನಲ್ಲಿ" ಎಂಬ ಅರ್ಥದ ಲ್ಯಾಟಿನ್ ಮಾತು ಸೇರಿಸುತ್ತಿದ್ದರು. ಪೋಪ್ 13ನೇ ಲಿಯೋ ಅದನ್ನು ಬಿಡಿಸಿದರು. ಇಲ್ಲಿ ಟೊರಾಂಟೊದ ಸಹಾಯಕ ಬಿಷಪರಿಗೆ ಇವತ್ತಿಗೂ ಹೀಗೆ ಒಂದೊಂದು ಹಳೆಯ ಊರಿನ ಹೆಸರು ಇರುತ್ತದೆ.

ಇನ್ನು ನಮ್ಮ ಕಡೆಗೆ ಬರುವ. ಭಾರತದಲ್ಲಿ ಬಿಷಪರನ್ನು ಆರಿಸುವ ಹಕ್ಕನ್ನು ಪೋಪರು ಪೋರ್ಚುಗಲ್ ರಾಜನಿಗೆ ಕೊಟ್ಟಿದ್ದರು. ಇದಕ್ಕೆ ಪದ್ರೊಆದೊ ಅಂತ ಹೆಸರು. ರಾಜ ಇಗರ್ಜಿಗಳ ಖರ್ಚು ನೋಡಿಕೊಳ್ಳಬೇಕು, ಬದಲಿಗೆ ನೇಮಕ ಅವನದ್ದು. 1534ರಲ್ಲಿ ಗೋವಾ ಧರ್ಮಪ್ರಾಂತ್ಯವಾದ ಮೇಲೆ, ಪೋರ್ಚುಗೀಸರ ಒಂದು ಸಿಪಾಯಿಯೂ ಕಾಲಿಡದ ಊರುಗಳು ಕೂಡ ಕಾಗದದ ಮೇಲೆ ಗೋವಾಕ್ಕೆ ಸೇರಿದವು. ಇದನ್ನು ಸರಿಮಾಡಲಿಕ್ಕೆ ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ಸ್ವಂತ ಕಚೇರಿ ತೆರೆಯಿತು. ಆ ಕಚೇರಿ ಕಂಡುಕೊಂಡ ಉಪಾಯ ಇದು: ಗೋವಾದ ಹಕ್ಕನ್ನು ನೇರ ಮುಟ್ಟುವುದು ಬೇಡ, ಬಿಜಾಪುರಕ್ಕೆ ಹೊಸ ಧರ್ಮಪ್ರಾಂತ್ಯ ಅಂತ ಹೇಳುವುದೂ ಬೇಡ. ಎಲ್ಲಿಯೋ ದೂರದ ಸತ್ತ ಊರಿನ ಹೆಸರಿನಲ್ಲಿ ಬಿಷಪ್ ಮಾಡಿ, ಪೋಪರ ಪ್ರತಿನಿಧಿ ಅಂತ ಕಳಿಸುವುದು. ಕೆನಡಾದಲ್ಲಿಯೂ ಹೀಗೇ ಆಯಿತು. ಅಲ್ಲಿ ಜಗಳಕ್ಕೆ ಬಂದವರು ಫ್ರಾನ್ಸಿನ ರೂವಾನ್ ಊರಿನ ಆರ್ಚ್‌ಬಿಷಪ್. ಇಲ್ಲಿ ಗೋವಾದವರು.

ಬಿಜಾಪುರಕ್ಕೆ ನೇಮಕವಾದವರು ಮಾತೇವುಸ್ ದ ಕಾಸ್ತ್ರೊ. ದಿವಾರಿನ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬ. ಪಾದ್ರಿ ಆಗಬೇಕು ಎಂಬ ಆಸೆಗೆ ಗೋವಾದ ಆರ್ಚ್‌ಬಿಷಪ್ ಒಪ್ಪಲಿಲ್ಲ. ಆ ಹುಡುಗ ಅಲ್ಲಿಗೆ ಬಿಡಲಿಲ್ಲ, ರೋಮಿಗೇ ಹೋದ, ಕಲಿತ, ಅಲ್ಲಿಯೇ ಪಾದ್ರಿಯಾದ. ರೋಮಿನ ಪತ್ರ ಹಿಡಿದು ಗೋವಾಕ್ಕೆ ಬಂದರೆ ಇಲ್ಲಿಯ ಅಧಿಕಾರಿಗಳು ಅದನ್ನು ಮಾನ್ಯ ಮಾಡಲಿಲ್ಲ. ನಮ್ಮ ಊರಿನ ನರ್ಸಿಂಗ್ ಸರ್ಟಿಫಿಕೇಟ್ ಹಿಡಿದು ಹೊರದೇಶದಲ್ಲಿ ವರ್ಷಗಟ್ಟಲೆ ಕಾದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಇವರಿಗೆ ಅದು ಸ್ವಂತ ಊರಿನಲ್ಲೇ ಆಯಿತು. ಮತ್ತೆ ರೋಮಿಗೆ ಹೋದರು. 1637ರಲ್ಲಿ ರೋಮ್ ಅವರಿಗೆ ಕ್ರಿಸೊಪೊಲಿಸ್ ಎಂಬ ಊರಿನ ಹೆಸರಿನಲ್ಲಿ ಬಿಷಪ್ ದೀಕ್ಷೆ ಕೊಟ್ಟಿತು. ಗ್ರೀಕ್ ಭಾಷೆಯಲ್ಲಿ ಚಿನ್ನದ ಪಟ್ಟಣ ಅಂತ ಅರ್ಥ, ಅದೂ ಅರೇಬಿಯಾದ ಕಡೆಯದ್ದೇ. ಕೆಲಸ ಮಾತ್ರ "ಇದಲ್ಕಾನ್" ಪ್ರಾಂತ್ಯದಲ್ಲಿ. ಆದಿಲ್ ಖಾನ್ ಎಂಬುದು ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ಅಂದರೆ ಗೋಲಗುಂಬಜ್ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ರಾಜ್ಯ.

ಅವರು ನೆಲೆ ಮಾಡಿದ್ದು ಬಿಚೋಲಿಯಲ್ಲಿ. ಅದು ಈಗ ಗೋವಾದಲ್ಲಿ ಉಂಟು, ಆಗ ಬಿಜಾಪುರದ ಸುಲ್ತಾನನ ನೆಲ. ಗೋವಾದಲ್ಲಿ ಅವಕಾಶ ಸಿಗದ ಊರ ಹುಡುಗರಿಗೆ ಅವರು ಅಲ್ಲಿ ಪಾದ್ರಿ ದೀಕ್ಷೆ ಕೊಟ್ಟರು. ಗೋವಾದವರು ಆ ಪಾದ್ರಿಗಳನ್ನೂ ಒಪ್ಪಲಿಲ್ಲ. ಜಗಳ ಬೆಳೆಯಿತು. 1653ರಲ್ಲಿ ಅವರು "ಬ್ರಾಹ್ಮಣರ ಕನ್ನಡಿ" ಎಂಬ ಬರಹ ಕಳಿಸಿ, ಪೋರ್ಚುಗೀಸರ ವಿರುದ್ಧ ಏಳಿ ಅಂತ ಗೋವಾದ ಬ್ರಾಹ್ಮಣ ಕ್ರೈಸ್ತರನ್ನು ಕರೆದರು. ಮರುವರ್ಷ ಬಿಜಾಪುರದ ಸೈನ್ಯ ಗೋವಾಕ್ಕೆ ನುಗ್ಗಿತು, ಗೆಲ್ಲಲಿಲ್ಲ. ಅವರು ಕೊನೆಗೆ ರೋಮಿಗೆ ಮರಳಿ ಅಲ್ಲಿಯೇ ತೀರಿಕೊಂಡರು.

ಇವರನ್ನು ಸ್ವಾತಂತ್ರ್ಯ ಹೋರಾಟಗಾರ ಅಂತ ಹೊಗಳುವವರಿದ್ದಾರೆ, ಹಟಮಾರಿ ಅಂತ ಬೈಯುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಸರಿ ಅನಿಸುವುದಿಲ್ಲ. ಚರ್ಮದ ಬಣ್ಣ ನೋಡಿ ಪಾದ್ರಿ ಪಟ್ಟ ನಿರಾಕರಿಸುವುದು ಅನ್ಯಾಯ ಅಂತ ಅವರು ಹೇಳಿದ್ದು ನಿಜ. ಆದರೆ ಆ ಅನ್ಯಾಯದ ಲೆಕ್ಕದಲ್ಲಿ ಅವರು ಮುಖ್ಯವಾಗಿ ಕಂಡದ್ದು ತಮ್ಮದೇ ಜಾತಿಯವರನ್ನು. ಅವರ ಕನ್ನಡಿಯಲ್ಲಿ ಗದ್ದೆ ಕೆಲಸದ ಕ್ರೈಸ್ತ ಕಾಣುವುದಿಲ್ಲ.

ಈ ಜಗಳ ನಮ್ಮ ಕರಾವಳಿಗೂ ಬಂತು. ಬರಗಾಲ, ತೆರಿಗೆ, ಇಂಕ್ವಿಸಿಷನ್ ಭಯ, ಹೀಗೆ ನಾನಾ ಕಾರಣಕ್ಕೆ ಗೋವಾದ ಕ್ರೈಸ್ತರು ಕೆಳದಿ ನಾಯಕರ ರಾಜ್ಯಕ್ಕೆ ಬಂದು ಬೇಸಾಯ ಮಾಡುತ್ತಿದ್ದರು. 1670ರ ದಶಕದಲ್ಲಿ ರೋಮ್ ಕೆನರಾಕ್ಕೆ ಕೂಡ ಪೋಪರ ಪ್ರತಿನಿಧಿಯನ್ನು ನೇಮಿಸಿತು. ಅವರು ಮಾತೇವುಸರ ಅಣ್ಣತಮ್ಮಂದಿರ ಕಡೆಯ ಮಗ, ತೋಮಸ್ ದ ಕಾಸ್ತ್ರೊ. ಅವರ ಬಿರುದು ಉತ್ತರ ಆಫ್ರಿಕಾದ ಫುಸ್ಸಾಲ ಎಂಬ ಹಾಳೂರಿನದ್ದು. 1677ರಲ್ಲಿ ಮಂಗಳೂರಿಗೆ ಬಂದರು. ಗೋವಾದವರು ಇವರನ್ನೂ ಒಪ್ಪಲಿಲ್ಲ.

ಸಾಮಾನ್ಯ ಜನರ ಪಾಡು ಯೋಚಿಸಿ. ಮಗುವಿಗೆ ಜ್ಞಾನಸ್ನಾನ ಯಾರ ಕೈಯಲ್ಲಿ? ಈ ಪಾದ್ರಿ ಮಾಡಿಸಿದ ಮದುವೆ ನಿಲ್ಲುತ್ತದಾ? ಸಾಯುವ ಹೊತ್ತಿಗೆ ಯಾರನ್ನು ಕರೆಯುವುದು? ಒಬ್ಬರ ಹತ್ತಿರ ಹೋದರೆ ಇನ್ನೊಬ್ಬರು ಪಾಪ ಅನ್ನುತ್ತಾರೆ. ಸಾಯುವವರ ಪಕ್ಕ ನಿಲ್ಲುವ ಕೆಲಸ ನನ್ನದು. ಆ ಹೊತ್ತಿನಲ್ಲಿ ಮನೆಯವರಿಗೆ ಅನುಮಾನಕ್ಕಿಂತ ದೊಡ್ಡ ಹಿಂಸೆ ಇಲ್ಲ.

1681ರಲ್ಲಿ ಗೋವಾ ತನ್ನ ಕಡೆಯಿಂದ ಒಬ್ಬ ತರುಣ ಪಾದ್ರಿಯನ್ನು ಕೆನರಾಕ್ಕೆ ಕಳಿಸಿತು. ಅವರೇ ಜೋಸೆಫ್ ವಾಜ್. ಮುಡಿಪಿನ ಗುಡ್ಡೆಗೆ ಜಾತಿ ಧರ್ಮ ನೋಡದೆ ಹೋಗಿ ಬರುವ ನಿಮಗೆ ಅವರ ಪರಿಚಯ ಬೇಡ. ಅವರು ಬಂದದ್ದು ಗೋವಾದ ಹಕ್ಕು ಕಾಯಲಿಕ್ಕೆ. ಮಾಡಿದ್ದು ಮಾತ್ರ ಬೇರೆ: ತೋಮಸ್ ಬಿಷಪರ ಜೊತೆ ಜಗಳ ಬೆಳೆಸದೆ, ಜನರ ಸಂಸ್ಕಾರಗಳು ನಿಲ್ಲದ ಹಾಗೆ ಹೊಂದಾಣಿಕೆಯ ದಾರಿ ಹುಡುಕಿದರು. ಗಂಗೊಳ್ಳಿ, ಬಸ್ರೂರು, ಮಂಗಳೂರು ಅಂತ ಓಡಾಡಿದರು. 1684ರಲ್ಲಿ ತೋಮಸ್ ಬಿಷಪ್ ತೀರಿಕೊಂಡರು, ವಾಜ್ ಗೋವಾಕ್ಕೆ ಮರಳಿ ಮುಂದೆ ಶ್ರೀಲಂಕಾಕ್ಕೆ ಹೋದರು. ಪೋಪ್ ಫ್ರಾನ್ಸಿಸ್ 2014ರಲ್ಲಿ ಕ್ವಿಬೆಕ್‌ನ ಲಾವಾಲರನ್ನು, 2015ರಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದರು. ಒಂದೇ ಜಗಳದ ಎರಡು ಬದಿಯವರು, ಇಬ್ಬರೂ ಸಂತರು!

ಮುಂದೆ ಏನಾಯಿತು? 1686ರಲ್ಲಿ ಔರಂಗಜೇಬ್ ಬಿಜಾಪುರ ಗೆದ್ದ, ಇದಲ್ಕಾನ್ ಎಂಬ ರಾಜ್ಯವೇ ಇಲ್ಲವಾಯಿತು. ಆ ಪ್ರಾಂತ್ಯ "ಮಹಾ ಮೊಗಲ್" ಎಂಬ ಹೆಸರಿನಲ್ಲಿ ಮುಂದುವರಿದು, 1720ರಲ್ಲಿ ಬೊಂಬಾಯಿಗೆ ಹೋಗಿ, ಇವತ್ತಿನ ಮುಂಬಯಿ ಆರ್ಚ್‌ಡಯಾಸಿಸ್ ಆಯಿತು. ಮೈಸೂರಿನಲ್ಲಿ 19ನೇ ಶತಮಾನದ ನಡುವೆ ಇದ್ದ ಬಿಷಪ್ ಶಾರ್ಬೊನೊ ಅವರ ಬಿರುದು ಈಗ ಟರ್ಕಿಯಲ್ಲಿರುವ ಯಾಸೊಸ್ ಎಂಬ ಗ್ರೀಕ್ ಪಟ್ಟಣದ್ದು. 1886ರಲ್ಲಿ ಪೋಪ್ ಲಿಯೋ ಭಾರತಕ್ಕೆ ಸರಿಯಾದ ಧರ್ಮಪ್ರಾಂತ್ಯಗಳನ್ನು ಕೊಟ್ಟರು. ಆಮೇಲೆ ಮಂಗಳೂರಿನ ಬಿಷಪ್ ಅಂದರೆ ಮಂಗಳೂರಿನದ್ದೇ ಬಿಷಪ್, ಮೈಸೂರಿಗೂ ಹಾಗೆಯೇ.

ಅಥೆನ್ಸಿನ ಲ್ಯಾಟಿನ್ ಬಿಷಪರಿಗೆ ಊರು ಇತ್ತು, ಪಾರ್ಥೆನಾನ್ ಇತ್ತು, ಅವರನ್ನು ತಮ್ಮವರು ಅನ್ನುವ ಜನ ಇರಲಿಲ್ಲ. ಅದು ಹೋಯಿತು. ಕೆನರಾದ ಬಿಷಪರಿಗೆ ಊರಿನ ಹೆಸರೂ ಇರಲಿಲ್ಲ, ಜನ ಇದ್ದರು. ಅದು ಉಳಿಯಿತು.

ಮುಂದಿನ ಭಾಗ: 1878ರ ಕೊನೆಯ ದಿನ ಮಂಗಳೂರಿಗೆ ಬಂದ ಇಟಲಿಯ ಜೆಸುಯಿಟರು. ಮನೆಯಲ್ಲಿ ಹಿರಿಯರು ಹೇಳಿದ ಪದ್ರೊಆದೊ ಜಗಳದ ಕಥೆ ಯಾರಿಗಾದರೂ ನೆನಪಿದ್ದರೆ ಬರೆಯಿರಿ. ಡ್ಯೂಟಿ ಮುಗಿಸಿ ಬಂದು ಓದುತ್ತೇನೆ.