ಕಜ್ಜಾಯದ ಹದ

ನಮ್ಮ ತಾಯಿಯವರು ಬಿಟ್ಟುಹೋದ ಅಡುಗೆಯ ನೋಟುಪುಸ್ತಕದಲ್ಲಿ ಕಜ್ಜಾಯಕ್ಕೆ ಸಿಕ್ಕಿರುವುದು ಎರಡೇ ಸಾಲು. ಒಂದು ಸೇರು ಅಕ್ಕಿಗೆ ಮುಕ್ಕಾಲು ಸೇರು ಬೆಲ್ಲ, ಎಳ್ಳು, ಏಲಕ್ಕಿ. ಪಾಕ ಹದವಾದಾಗ ಹಿಟ್ಟು ಹಾಕುವುದು. ಆ ಹದ ಯಾವುದೆಂದು ಅವರು ಬರೆದಿಲ್ಲ. ಅವರಿಗೆ ಬರೆಯುವ ಅಗತ್ಯವಿರಲಿಲ್ಲ. ಮುಂದೊಂದು ದೀಪಾವಳಿಯಲ್ಲಿ ಮಗನು ಚೆನ್ನೈಯ ಸರ್ಕಾರಿ ವಸತಿಗೃಹದ ಒಲೆಯ ಮುಂದೆ ಅದನ್ನು ಓದುತ್ತ ನಿಲ್ಲುವನೆಂದು ಅವರು ಎಣಿಸಿರಲಾರರು.

ಕನ್ನಡದಲ್ಲಿ ಅಡುಗೆಯ ಬರವಣಿಗೆ ಹೊಸತಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಕೃಷಿ, ವೈದ್ಯಗಳೊಡನೆ ಪಾಕವನ್ನೂ ನಿರೂಪಿಸುತ್ತದೆ. 16ನೆಯ ಶತಮಾನದ ಆದಿಯಲ್ಲಿ ಮುಮ್ಮಡಿ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿಯೇ ರಚಿಸಿದನು. ಇತ್ತ ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತುಪ್ಪಾರ್’ 1951ರಲ್ಲಿ ಅಚ್ಚಾಗಿ, ಮನೆಯ ಅಡುಗೆಯನ್ನು ಅಳತೆಯೊಡನೆ ತಮಿಳರಿಗೆ ಒದಗಿಸಿತು. ಆದರೂ ಕಜ್ಜಾಯದಂತಹ ತಿನಿಸಿನಲ್ಲಿ ಅಳತೆಯು ಅರ್ಧ ದಾರಿಗೆ ಮಾತ್ರ ಜೊತೆಯಾಗುತ್ತದೆ.

ಕಾರಣ ಬೆಲ್ಲ. ಕೃಷ್ಣರಾಜಸಾಗರದ ನಾಲೆಯ ನೀರು ಹರಿದು ಮಂಡ್ಯದ ಬಯಲು ಕಬ್ಬಿನ ಸೀಮೆಯಾಯಿತು. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಕಾರ್ಖಾನೆಯು ಹರಳನ್ನು ಬೇರ್ಪಡಿಸಿ ಕಾಕಂಬಿಯನ್ನು ಹೊರಹಾಕುತ್ತದೆ. ಆಲೆಮನೆಯಲ್ಲಾದರೋ ಎರಡೂ ಕೂಡಿಯೇ ಅಚ್ಚಿನಲ್ಲಿ ಗಟ್ಟಿಯಾಗುತ್ತವೆ. ಕಜ್ಜಾಯದ ಕಂದು ಬಣ್ಣಕ್ಕೂ ದಿನಗಳು ಕಳೆದರೂ ಉಳಿಯುವ ಮೆದುತನಕ್ಕೂ ಈ ಕಾಕಂಬಿಯ ಅಂಶ ನೆರವಾಗುತ್ತದೆ. ದೂರದ ಕೆನಡಾದ ಫ್ರೆಂಚ್ ಮನೆಗಳಲ್ಲಿ ಕಾಕಂಬಿ ಬೆರೆಸಿ ಸುಡುವ ಬಿಸ್ಕತ್ತು ಮೆತ್ತಗಿರುವ ಗುಟ್ಟೂ ಇದೇ. ಆದರೆ ಬೆಲ್ಲ ಅಚ್ಚಿನಿಂದ ಅಚ್ಚಿಗೆ ಬೇರೆ. ಆದ್ದರಿಂದ ಪಾಕದ ಹೊತ್ತನ್ನು ಗಡಿಯಾರ ಹೇಳಲಾರದು.

ನಾನು ಎಳೆಪಾಕಕ್ಕೇ ಇಳಿಸಿದೆ. ಮೊದಲ ಕಜ್ಜಾಯ ಎಣ್ಣೆಯಲ್ಲಿ ಚದುರಿಹೋಯಿತು. ವಾಸನೆ ಹಿಡಿದು ಬಂದ ಎದುರುಮನೆಯ ತಮಿಳು ಅಜ್ಜಿ ಬಾಣಲೆಯನ್ನು ನೋಡಿ ನಕ್ಕರು. ಅವರ ಪಾಲಿಗೆ ಇದು ಅದಿರಸಂ. ತೆಲುಗರ ಅರಿಸೆ, ಮರಾಠಿಗರ ಅನಾರಸೆ ಇದರ ಒಡಹುಟ್ಟುಗಳೇ. ಹೊಸದಾಗಿ ಬೆಲ್ಲ ಕರಗಿಸಿ, ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ಕರಗದೆ ನಿಂತ ಅದನ್ನು ಬೆರಳಲ್ಲಿ ಮೆದು ಉಂಡೆಯಾಗಿ ಉರುಳಿಸಿ ನನ್ನ ಅಂಗೈಗೆ ಹಾಕಿ, “ಇದುದಾನ್ ಪದಂ” ಎಂದರು.

ನಾನು ಅವಾಕ್ಕಾದೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಹಳಗನ್ನಡದ ‘ಪದ’ವೇ ನಮ್ಮಲ್ಲಿ ‘ಹದ’ವಾಯಿತು. ತಾಯಿಯವರು ವಿವರಿಸದೆ ಬಿಟ್ಟ ಮಾತು, ನಾವು ನೂರಾರು ವರ್ಷಗಳ ಹಿಂದೆ ಕಳಚಿದ ಪಕಾರವನ್ನು ಹೊತ್ತು, ಪರನುಡಿಯ ಅಜ್ಜಿಯೊಬ್ಬರ ಬಾಯಿಂದ ನನ್ನ ಮನೆಗೆ ಮರಳಿತ್ತು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದೆಂದರೆ ಬಾಗಿಲು ಮುಚ್ಚಿ ಕಾಯುವುದೆಂದು ಬಗೆದಿದ್ದ ನನಗೆ ಅಂದು ಬಾಗಿಲು ತೆರೆದಿದ್ದುದೇ ಒಳಿತಾಯಿತು.

ಎರಡು ಸಾಲಿನ ಕೆಳಗೆ ಮೂರನೆಯದನ್ನು ಬರೆದಿದ್ದೇನೆ: ನೀರಿಗೆ ಬಿಟ್ಟ ಪಾಕ ಮೆದು ಉಂಡೆಯಾಗಬೇಕು. ಬರೆದ ಮೇಲೆಯೂ ಮಗಳನ್ನು ಕರೆದು ಆ ಉಂಡೆಯನ್ನು ಅವಳ ಅಂಗೈಗೆ ಇಟ್ಟೆ.